ಕೌಂಟರಿನ ಮೇಲಿನ ಶೇ. 10ರ ಫಲಕ

ಜಿಲ್ಲಾ ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿರುವ ಜೆರಾಕ್ಸ್ ಸೇವೆಯನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಸ್ಥಳೀಯ ಇತಿಹಾಸದ ಕೆಲಸಕ್ಕೆ ಬೇಕಾದ, ಮರುಮುದ್ರಣ ಕಾಣದ ಪುಸ್ತಕಗಳು ಅಲ್ಲಿ ಸಾಕಷ್ಟಿವೆ. ಪ್ರತಿಗಳು ಸ್ಪಷ್ಟವಾಗಿರುತ್ತವೆ, ದರವೂ ಹೊರಗಿನ ಅಂಗಡಿಯಷ್ಟೇ. ಆದರೆ ಈ ಸೇವೆಯ ಒಳಿತು ಕೆಡುಕುಗಳೆರಡೂ ಯಂತ್ರಕ್ಕಿಂತ ಹೆಚ್ಚಾಗಿ, ಹಕ್ಕುದಾರರ ಅನುಮತಿಯಿಲ್ಲದೆಯೂ ಯಾವಾಗ ನಕಲು ಮಾಡಬಹುದೆಂದು ಹೇಳುವ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನನ್ನು ಅಲ್ಲಿನವರು ಅರ್ಥಮಾಡಿಕೊಂಡಿರುವ ಬಗೆಯನ್ನು ಅವಲಂಬಿಸಿವೆ.

ಮೊದಲ ಸಲ ಇಡೀ ಪುಸ್ತಕವೊಂದರ ಪ್ರತಿ ಕೇಳಿ ಬರಿಗೈಯಲ್ಲಿ ಬಂದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯ ಮಾಡಿಕೊಳ್ಳಬಹುದಾದರೂ ಅವು ಗ್ರಂಥಾಲಯದ ಬಳಕೆಗೇ ಹೊರತು ಓದುಗರು ಮನೆಗೊಯ್ದು ಇಟ್ಟುಕೊಳ್ಳಲಿಕ್ಕಲ್ಲ ಎಂದು ಗ್ರಂಥಪಾಲಕರು ವಿವರಿಸಿದರು. ಅವರ ಮಾತು ಸರಿಯಾಗಿಯೇ ಇತ್ತು. ತಮ್ಮಲ್ಲಿ ಮುದ್ರಿತ ಪ್ರತಿಯಿರುವ ಕೃತಿಯನ್ನು ಸಂರಕ್ಷಣೆಗಾಗಿ ಸ್ಕ್ಯಾನ್ ಮಾಡಿಡಲು 2012ರ ತಿದ್ದುಪಡಿ ಇಂಥ ಗ್ರಂಥಾಲಯಗಳಿಗೆ ಅವಕಾಶ ಕೊಟ್ಟಿದೆ; ಇಲ್ಲಿ ಸ್ಕ್ಯಾನರ್ ಇದ್ದರೂ ಆ ಕೆಲಸ ಆರಂಭವಾಗಿಲ್ಲ. ಗೆದ್ದಲು ಮಾತ್ರ ತನ್ನ ಕೆಲಸ ನಿಲ್ಲಿಸಿಲ್ಲ.

ನನ್ನ ತಕರಾರಿರುವುದು ಕೌಂಟರಿನ ಮೇಲೆ ತೂಗುಹಾಕಿರುವ ‘ಪುಸ್ತಕದ ಶೇ. 10ರಷ್ಟು ಪುಟಗಳು ಮಾತ್ರ’ ಎಂಬ ಫಲಕದ ಬಗ್ಗೆ. ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗಕ್ಕಾಗಿ ನ್ಯಾಯೋಚಿತ ಬಳಕೆಯನ್ನು ಒಪ್ಪುವ ನಮ್ಮ ಕಾಯ್ದೆಯಲ್ಲಿ ಅಂಥ ಅಳತೆಯೇ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ 2016ರಲ್ಲಿ ತೀರ್ಪಿತ್ತ ದೆಹಲಿ ಹೈಕೋರ್ಟ್ ಕೂಡ, ಅದು ಬೋಧನೆಗೆ ಸಂಬಂಧಿಸಿದ ಬೇರೆ ಉಪವಿಧಿಯಾದರೂ, ಪುಟಗಳ ಲೆಕ್ಕಕ್ಕಿಂತ ಉದ್ದೇಶಕ್ಕೆ ಎಷ್ಟು ಬೇಕೆಂಬುದನ್ನೇ ಮುಖ್ಯವಾಗಿ ನೋಡಿತು. ನಾನು 120 ಪುಟಗಳ ಪುಸ್ತಕದಿಂದ 18 ಪುಟಗಳ ಅಧ್ಯಾಯ ಕೇಳಿದಾಗ 12ಕ್ಕೆ ನಿಲ್ಲಿಸಿದರು. ಉಳಿದ ಆರನ್ನು ಅವರೆದುರೇ ಕುಳಿತು ಬರೆದುಕೊಂಡೆ. ಕೈಬರಹದ ನಕಲೂ ಕಾನೂನಿನ ಕಣ್ಣಿಗೆ ನಕಲೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅದೇ ಕೌಂಟರಿನಲ್ಲಿ ಅಂಧ ವಿದ್ಯಾರ್ಥಿನಿಯೊಬ್ಬರಿಗೆ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಓದಿ ಹೇಳಬಲ್ಲ ರೂಪದಲ್ಲಿ ಕೊಟ್ಟದ್ದನ್ನೂ ಕಂಡಿದ್ದೇನೆ. ಅಂಗವಿಕಲರಿಗಾಗಿ 2012ರಲ್ಲೇ ಸೇರಿಸಿದ ಆ ವಿನಾಯಿತಿಯನ್ನು ಇಷ್ಟು ಸಲೀಸಾಗಿ ಬಳಸುವ ಸಿಬ್ಬಂದಿ, ಫಲಕದ ವಿಷಯಕ್ಕೆ ಬಂದಾಗ ಯಾಕೆ ಅಂಜುತ್ತಾರೋ ತಿಳಿಯದು.

ಹೋಗುವವರು ಲೇಖಕರು ತೀರಿಕೊಂಡ ವರ್ಷವನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ನಾನು ಕೇಳಿದ ಇನ್ನೊಂದು ಪುಸ್ತಕದ ಲೇಖಕರು 1963ರಲ್ಲಿ ನಿಧನರಾದವರು. ಲೇಖಕರ ಮರಣದ ನಂತರ ಕೃತಿಸ್ವಾಮ್ಯ ಉಳಿಯುವ 60 ವರ್ಷಗಳ ಅವಧಿ 2023ರ ಕೊನೆಗೆ ಮುಗಿದಿದೆ ಎಂದು ತೋರಿಸಿದ ಮೇಲೆ, ಫಲಕದ ಕೆಳಗೇ ನಿಂತು 96 ಪುಟಗಳನ್ನೂ ತೆಗೆದುಕೊಟ್ಟರು.