ಎರಡನೇ ತಂತಿಯಲ್ಲಿ ಒಂದು ಫ್ರೆಟ್ ಮೇಲಕ್ಕೆ: ಬಿಜೈಯ ಒಂದು ಗಿಟಾರ್ ತರಗತಿ

ಮಂಗಳೂರಿನ ಬಿಜೈಯಲ್ಲಿ ಔಷಧದಂಗಡಿಯೊಂದರ ಮಹಡಿಯ ಮೇಲೆ ಶನಿವಾರ ಸಂಜೆ ನಡೆಯುವ ಗಿಟಾರ್ ತರಗತಿಗೆ ನಾನು ಸೇರಿದ್ದಕ್ಕೆ ಕಾರಣ ಒಂದೇ. ನಮ್ಮ ಇಗರ್ಜಿಯ ಗಾಯನ ತಂಡದ ಹಾಳೆಯಲ್ಲಿ ‘ಜಿ ಅಗ್ಮೆಂಟೆಡ್ ಸೆವೆಂತ್’ ಎಂಬ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದಾಗಲೆಲ್ಲ ನಾನು ಸಾಮಾನ್ಯ ಜಿ ಸೆವೆಂತ್ ನುಡಿಸಿ ನುಣುಚಿಕೊಳ್ಳುತ್ತಿದ್ದೆ. ಕೀಬೋರ್ಡಿನಲ್ಲಿ ಡಿ ಶಾರ್ಪ್ ಸ್ವರ ಕೇಳುತ್ತಿರುವಾಗಲೇ ನನ್ನ ಗಿಟಾರಿನಿಂದ ಡಿ ಹೊರಟು ಎರಡೂ ಕಚ್ಚಾಡುತ್ತಿದ್ದವು.

ಎಂಟು ತರಗತಿಗಳಲ್ಲಿ ಎರಡನ್ನು ಶಿಕ್ಷಕರು ಈ ಒಂದು ಕಾರ್ಡಿಗೇ ಕೊಟ್ಟರು. ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳೇ ಫ್ರೆಟ್‌ಗಳು) ತೋರುಬೆರಳು, ನಾಲ್ಕನೇ ತಂತಿಯ ಮೂರರಲ್ಲಿ ನಡುಬೆರಳು, ಮೂರನೇ ಮತ್ತು ಎರಡನೇ ತಂತಿಗಳ ನಾಲ್ಕರಲ್ಲಿ ಉಳಿದೆರಡು ಬೆರಳು. ಒಂದನೇ ಮತ್ತು ಐದನೇ ತಂತಿಗಳು ಮೌನ. ಐದನೆಯದನ್ನು ತೋರುಬೆರಳಿನ ತುದಿಯಿಂದಲೇ ತಡೆಯಬೇಕು, ಇದು ಹೇಳುವಷ್ಟು ಸುಲಭವಲ್ಲ. ಇಷ್ಟನ್ನು ಯಾವ ವಿಡಿಯೊ ನೋಡಿಯೂ ಕಲಿಯಬಹುದಿತ್ತು. ಆದರೆ ಈ ಶಿಕ್ಷಕರು ಕಾರ್ಡನ್ನು ಒಂಟಿಯಾಗಿ ನುಡಿಸಲು ಬಿಡಲೇ ಇಲ್ಲ. ಜಿ ಸೆವೆಂತ್‌ನ ಡಿ ಸ್ವರ ಒಂದು ಫ್ರೆಟ್ ಏರಿ ಡಿ ಶಾರ್ಪ್ ಆದಾಗ ಹುಟ್ಟುವ ಕಸಿವಿಸಿ, ಸಿ ಮೇಜರ್‌ಗೆ ಹೋದೊಡನೆ ಇನ್ನೊಂದು ಫ್ರೆಟ್ ಏರಿ ಇ ಆಗಿ ತಣಿಯುತ್ತದೆ ಎಂಬುದನ್ನು ಎರಡನೇ ತಂತಿಯೊಂದರಲ್ಲೇ ಮೂರು, ನಾಲ್ಕು, ಐದು ಎಂದು ಮೀಟಿ ಕೇಳಿಸಿದರು. ಸಿ ಮೈನರ್‌ಗೆ ಹೋದರೆ ಅದೇ ಸ್ವರ ಕದಲದೆ ಅಲ್ಲೇ ಉಳಿಯುತ್ತದೆ.

ನನ್ನ ಪಕ್ಕದಲ್ಲಿದ್ದವರು ಕರ್ನಾಟಕ ಸಂಗೀತ ಕಲಿತವರು, ಅವರಿಗೆ ಈ ವಿವರಣೆ ಹಿಡಿಸಲಿಲ್ಲ. ಆಗ ಶಿಕ್ಷಕರು ಜಿಯನ್ನು ಷಡ್ಜವೆಂದಿಟ್ಟುಕೊಂಡು ಕಾರ್ಡಿನ ಉಳಿದ ಸ್ವರಗಳು ಅಂತರ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ ಎಂದರು. ಚಾರುಕೇಶಿ ರಾಗದಲ್ಲಿ ಈ ನಾಲ್ಕೂ ಇವೆಯಲ್ಲ ಎಂದು ಪಕ್ಕದವರು ಕೂಡಲೇ ಹಾಡಿಯೇ ತೋರಿಸಿದರು. ರಾಗಕ್ಕೂ ಕಾರ್ಡಿಗೂ ಗಂಟು ಹಾಕುವುದು ನನಗೆ ಅಷ್ಟಾಗಿ ಒಪ್ಪಿಗೆಯಲ್ಲ, ಆದರೂ ಆ ಸಂಜೆಯ ಬಳಿಕ ಕಾರ್ಡಿನ ಸ್ವರಗಳನ್ನು ನಾನು ಮರೆತಿಲ್ಲ.

ಕೊರತೆಗಳೂ ಇವೆ. ಕೊಡುವ ಮುದ್ರಿತ ಹಾಳೆ ಯಾವುದರದೋ ನೆರಳಚ್ಚಿನ ನೆರಳಚ್ಚು; ಸಿ ಅಗ್ಮೆಂಟೆಡ್ ಸೆವೆಂತ್‌ನ ಚಿತ್ರದಲ್ಲಿ ಬಿ ಫ್ಲ್ಯಾಟ್ ಸ್ವರದ ಚುಕ್ಕಿಯೇ ಬಿಟ್ಟುಹೋಗಿ, ಅದು ಬರಿಯ ಅಗ್ಮೆಂಟೆಡ್ ಕಾರ್ಡಾಗಿ ಉಳಿದಿತ್ತು. ಮಳೆಗಾಲದಲ್ಲಿ ಕಿಟಕಿ ತೆರೆದಿಡುವುದರಿಂದ ತರಗತಿಯ ಗಿಟಾರುಗಳ ತಂತಿಗೆ ತುಕ್ಕು ಹಿಡಿದಿರುತ್ತದೆ, ಹಾಗಾಗಿ ಸ್ವಂತ ಗಿಟಾರ್ ಒಯ್ಯುವುದೇ ಲೇಸು. ದ್ವಿಚಕ್ರ ನಿಲ್ಲಿಸಲು ಜಾಗವಿಲ್ಲ.

ಎಂಟು ತರಗತಿಗೆ 2,400 ರೂಪಾಯಿ ಕೊಟ್ಟೆ, ಹೆಚ್ಚೆನಿಸಲಿಲ್ಲ. ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒಮ್ಮೆಗೇ ಒತ್ತುವ ಎಫ್ ಮೇಜರ್ ಬಾರೆ ಕಾರ್ಡನ್ನು ಇನ್ನೂ ತಂತಿ ಗುಯ್‌ಗುಡದಂತೆ ಹಿಡಿಯಲಾಗದವರು ಸದ್ಯಕ್ಕೆ ಇಲ್ಲಿ ಸೇರದಿರುವುದು ಒಳ್ಳೆಯದು, ಏಕೆಂದರೆ ಮೊದಲ ದಿನವೇ ಅದನ್ನು ನುಡಿಸಿ ತೋರಿಸಲು ಹೇಳುತ್ತಾರೆ.