ಫಿಲ್ಮ್ ಮೇಜರ್ ಅಂತ ಫೀಸ್ ತಗೊಂಡರು, ಹಾಲ್ ಟಿಕೆಟ್‌ನಲ್ಲಿ ಬಂದಿದ್ದು ಸಮಾಜಶಾಸ್ತ್ರ: ಪುಣೆಯ ಕನ್ನಡದ ಮನೆಯವರು ದಯವಿಟ್ಟು ಓದಿ

ಇದನ್ನು ಬರೆಯೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ನಾಚಿಕೆಯಿಂದ. ತಮ್ಮನಿಗೆ ಆಗ 18 ವರ್ಷ, ಅವನಿಗೆ ಏನು ಗೊತ್ತಾಗಬೇಕು? ನನಗೆ 29. ಹಿಂಜೇವಾಡಿಯ ಕಂಪನಿಯಲ್ಲಿ ವೆಂಡರ್‌ಗಳ ಕರಾರು ಪತ್ರ ಓದೋದೇ ನನ್ನ ಕೆಲಸ. ದಿನಾ ಅದನ್ನೇ ಮಾಡ್ತೀನಿ. "ಅಪ್ಪಾ, ನಾ ಎಲ್ಲಾ ನೋಡೀನಿ, ನೀವು ಸಹಿ ಮಾಡ್ರಿ" ಅಂತ ಹೇಳಿದವಳೂ ನಾನೇ. ಅಪ್ಪ ಒಂದು ಮಾತು ಕೇಳದೆ ಸಹಿ ಮಾಡಿದರು. ಭೋಸರಿಯ ಕಾರ್ಖಾನೆಯಲ್ಲಿ 26 ವರ್ಷ ಲೇಥ್ ಮುಂದೆ ನಿಂತು ಕೂಡಿಟ್ಟ ಪಿಎಫ್ ದುಡ್ಡು ಅದು.

ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ನೋಟಿಸ್ ಕೊಟ್ಟಿದ್ದೇವೆ, ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ. ಆದರೆ ಇಂಥ ಜಾಗ ಪುಣೆಯಲ್ಲಿ ಒಂದೇ ಇರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮನಿಗೆ ಎಡಿಟಿಂಗ್ ಅಂದರೆ ಪ್ರಾಣ. ನಮ್ಮ ಸೊಸೈಟಿಯ ಗಣಪತಿ ವಿಸರ್ಜನೆಯ ವಿಡಿಯೋನ ಮೊಬೈಲಿನಲ್ಲೇ ಎಡಿಟ್ ಮಾಡಿ ಕೊಟ್ಟಿದ್ದ, ಹತ್ತನೇ ಕ್ಲಾಸಿನಲ್ಲಿದ್ದಾಗ. ಪುಣೆಯಲ್ಲಿ ಬೆಳೆದ ಹುಡುಗನಿಗೆ ಸಿನಿಮಾ ಕಲಿಯೋ ಆಸೆ ಬಂದರೆ ಮೊದಲು ಕಣ್ಣಿಗೆ ಬೀಳೋದು ಲಾ ಕಾಲೇಜ್ ರಸ್ತೆ. ಹಳೇ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಶುರುವಾದ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ, ಅದರ ಹತ್ತಿರದಲ್ಲೇ 1964ರ ಫಿಲ್ಮ್ ಆರ್ಕೈವ್. ಇವನ ಕನಸೂ ಅದೇ. ಆದರೆ ಎಫ್‌ಟಿಐಐನ ಮೂರು ವರ್ಷದ ಎಡಿಟಿಂಗ್ ಕೋರ್ಸಿಗೆ ಮೊದಲು ಒಂದು ಡಿಗ್ರಿ ಬೇಕು. ಪಿಯುಸಿ ಮುಗಿಸಿ ನೇರವಾಗಿ ಹೋಗೋಕಾಗಲ್ಲ. ಹಾಗಾಗಿ ನಾವು ಯೋಚನೆ ಮಾಡಿದ್ದು ಇಷ್ಟು: ಡಿಗ್ರೀನೂ ಸಿನಿಮಾದಲ್ಲೇ ಮಾಡಲಿ, ಮೂರು ವರ್ಷ ಕೈ ಪಳಗಲಿ, ಆಮೇಲೆ ಪ್ರವೇಶ ಪರೀಕ್ಷೆ ಬರೆಯಲಿ. ಈಗಲೂ ನನಗೆ ಆ ಯೋಚನೆ ತಪ್ಪು ಅನ್ನಿಸಲ್ಲ.

2023ರ ಜೂನ್. ಸಂಸ್ಥೆಗೆ ಹೋದೆವು. ಗಾಜಿನ ಬಾಗಿಲು, ಎಸಿ, ಗೋಡೆ ತುಂಬಾ ಸಿನಿಮಾ ಪೋಸ್ಟರ್. ಕೌನ್ಸೆಲರ್ ಅಪ್ಪನ ಹೆಸರು ನೋಡಿದ ಕೂಡಲೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದ. "ವಿಜಾಪುರದ ಕಡಿಯವರೇನ್ರಿ? ನಾ ಬೆಳಗಾವಿಯಾಂವ ರೀ" ಅಂದ. ಅಷ್ಟೇ. ಅಪ್ಪನ ಮುಖ ಅರಳಿಬಿಟ್ಟಿತು. ಅಮ್ಮನಿಗೆ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ಊರಿನ ಮಳೆ ಕೇಳಿದ, ಬೆಳೆ ಕೇಳಿದ. "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ನಮ್ಮ ಮಂದಿಗೆ ನಾವು ಮೋಸ ಮಾಡ್ತೀವೇನ್ರಿ?" ಈ ಮಾತು ಈಗಲೂ ಕಿವಿಯಲ್ಲಿದೆ. ಮೋಸದ ಮಾತನ್ನು ನಾವು ಯಾರೂ ಎತ್ತಿರಲಿಲ್ಲ, ಅವನೇ ಎತ್ತಿದ. ಆಗಲೇ ನನಗೆ ಹೊಳೆಯಬೇಕಿತ್ತು.

ಬ್ರೋಷರ್ ಕೊಟ್ಟ. ದಪ್ಪ ಕಾಗದ, ಮೂರು ಮಡಿಕೆ. ಒಳಗೆ ಆರು ಸೆಮಿಸ್ಟರ್‌ಗೆ ಆರು ಬಣ್ಣದ ಚೌಕ. ಮೇಲೆ ದೊಡ್ಡದಾಗಿ ಫಿಲ್ಮ್ ಆ್ಯಂಡ್ ಡಿಜಿಟಲ್ ಮೀಡಿಯಾ ಮೇಜರ್ ಅಂತ, ಅಂದರೆ ಡಿಗ್ರಿಯ ಮುಖ್ಯ ವಿಷಯವೇ ಸಿನಿಮಾ. ಚಿತ್ರಕಥೆ, ಕ್ಯಾಮೆರಾ, ಲೈಟಿಂಗ್, ಎಡಿಟಿಂಗ್ 1, ಎಡಿಟಿಂಗ್ 2, ಸೌಂಡ್, ಸಿನಿಮಾ ಇತಿಹಾಸ, ಮೀಡಿಯಾ ಕಾನೂನು, ಕೊನೇ ಸೆಮಿಸ್ಟರ್‌ನಲ್ಲಿ 15 ನಿಮಿಷದ ಸ್ವಂತ ಸಿನಿಮಾ. ಪ್ರತಿ ಚೌಕದ ಕೆಳಗೂ 20 ಕ್ರೆಡಿಟ್ (ಎಷ್ಟು ಓದು ಅನ್ನೋದರ ಲೆಕ್ಕ). ಆರು ಇಪ್ಪತ್ತಲಿ 120. ಮೂರು ವರ್ಷದ ಡಿಗ್ರಿಗೆ, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿ ಹೇಳೋದೂ 120 ಕ್ರೆಡಿಟ್ಟೇ. ನಾನು ಅಲ್ಲೇ ಮೊಬೈಲ್ ತೆಗೆದು ನೋಡಿದೆ. ಲೆಕ್ಕ ಸರಿ ಇತ್ತು. ಲೆಕ್ಕ ಸರಿ ಇದ್ದಿದ್ದಕ್ಕೇ ನಂಬಿದೆ. "ಇದು ಯುಜಿಸಿ ಡಿಗ್ರಿನಾ?" ಅಂತ ಕೇಳಿದೆ. "ಹೌದ್ರೀ, ನೂರಕ್ಕ ನೂರು" ಅಂದ. ವರ್ಷಕ್ಕೆ 2,40,000, ನೋಂದಣಿಗೆ 15,000. ಕಟ್ಟಿದೆವು.

ಮೊದಲ ವರ್ಷದ ಕೊನೆಗೆ ಪರೀಕ್ಷೆ ಬಂತು. ಪತ್ರಿಕೆಗಳು ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಪರಿಸರ. ನಾನು ಆ ಕೌನ್ಸೆಲರ್‌ಗೆ ಫೋನ್ ಮಾಡಿ ಕೇಳಿದೆ, ಸಿನಿಮಾ ಪತ್ರಿಕೆ ಎಲ್ಲಿ ಅಂತ. ಕೇಳದೆ ಇರಲಿಲ್ಲ. "ಹೊಸಾ ಶಿಕ್ಷಣ ನೀತಿ ಬಂದಮ್ಯಾಲೆ ಎಲ್ಲಾ ಕಡೆ ಹಂಗ ಐತ್ರಿ. ಮಲ್ಟಿಡಿಸಿಪ್ಲಿನರಿ ಅಂತಾರ. ಮೊದಲನೇ ವರ್ಷ ಎಲ್ಲಾರಿಗೂ ಕಾಮನ್" ಅಂದ. ಪೇಪರಿನಲ್ಲಿ ಆ ಪದ ನಾನೂ ಓದಿದ್ದೆ. ಸರಿ ಅಂದುಕೊಂಡೆ. ಅಸಲಿಗೆ ಯುಜಿಸಿಯ ಚೌಕಟ್ಟಿನಲ್ಲಿ ಮಲ್ಟಿಡಿಸಿಪ್ಲಿನರಿ ವಿಷಯಗಳಿಗೆ ಇರೋದು ಇಡೀ ಡಿಗ್ರಿಗೆ ಸೇರಿ 9 ಕ್ರೆಡಿಟ್. ಮೇಜರ್ ವಿಷಯಕ್ಕೆ ಮೂರು ವರ್ಷದಲ್ಲಿ ಕನಿಷ್ಠ 60 ಇರಬೇಕು. ಅಂದರೆ ಒಟ್ಟು ಡಿಗ್ರಿಯ ಅರ್ಧ. ಇದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಹತ್ತು ನಿಮಿಷದ ಕೆಲಸ ಅದು. ಹತ್ತೇ ನಿಮಿಷ.

ಅಸೈನ್‌ಮೆಂಟ್ ವಿಷಯವೂ ಹೇಳಿಬಿಡುತ್ತೇನೆ. ತಮ್ಮ ಅದನ್ನು ಬರೆದೇ ಇರಲಿಲ್ಲ. ಆಫೀಸಿನಲ್ಲೇ ಯಾರೋ ಬರೆದಿಟ್ಟಿದ್ದರಂತೆ, ಹುಡುಗರು ಸಾಲಾಗಿ ಹೋಗಿ ಸಹಿ ಹಾಕಿ ಬಂದರಂತೆ. ಬೈತೀನಿ ಅಂತ ಹೆದರಿ ಅವನು ಆಗ ನನಗೆ ಹೇಳಲಿಲ್ಲ.

ಎರಡನೇ ವರ್ಷದ ಹಾಲ್ ಟಿಕೆಟ್ ಬಂದಿದ್ದು 2025ರ ಮೇ ತಿಂಗಳಲ್ಲಿ, ಒಂದು ಭಾನುವಾರ. ಅಮ್ಮ ರೊಟ್ಟಿ ಬಡಿಯುತ್ತಿದ್ದರು. ತಮ್ಮ ಪ್ರಿಂಟ್ ತಂದು ಫ್ರಿಜ್ ಮೇಲೆ ಇಟ್ಟಿದ್ದ. ನೀರು ತಗೊಳ್ಳೋಕೆ ಹೋದವಳು ಸುಮ್ನೆ ಕೈಗೆತ್ತಿಕೊಂಡೆ. ಅವನ ಫೋಟೋ ಮೇಲೆ ಇಂಕ್ ಹರಡಿ ಅರ್ಧ ಮುಖ ಕಪ್ಪಾಗಿತ್ತು. ಕೆಳಗೆ: ಬಿ.ಎ. ಎರಡನೇ ವರ್ಷ. ಅದರ ಕೆಳಗೆ: ದೂರ ಶಿಕ್ಷಣ. ವಿಷಯಗಳು: ಗ್ರಾಮೀಣ ಸಮಾಜಶಾಸ್ತ್ರ, ಭಾರತದ ಇತಿಹಾಸ, ಸಾರ್ವಜನಿಕ ಆಡಳಿತ. ವಿಶ್ವವಿದ್ಯಾಲಯ ಬೇರೆ ರಾಜ್ಯದ್ದು, ನಾವು ಯಾರೂ ನೋಡಿಲ್ಲದ ಊರಿನದ್ದು. ಸಿನಿಮಾ ಅನ್ನೋ ಪದ ಎಲ್ಲೂ ಇಲ್ಲ. ತಿರುಗಿಸಿ ನೋಡಿದೆ, ಹಿಂದೆ ಸೂಚನೆಗಳು ಮಾತ್ರ. ಮತ್ತೆ ಮುಂದೆ ನೋಡಿದೆ. ಸಿನಿಮಾ ಇಲ್ಲ. "ಎಡಿಟಿಂಗ್ 2 ಎಲ್ಲೋ?" ಅಂದೆ. "ಅಕ್ಕಾ, ಫಿಲ್ಮ್ ಪೇಪರ್ ಎಲ್ಲಾ ಇಂಟರ್ನಲ್ ಅಂತ. ಅದು ಮಾರ್ಕ್ಸ್ ಕಾರ್ಡಿನ್ಯಾಗ ಬರಂಗಿಲ್ಲಂತ" ಅಂದ. ನನ್ನ ಕೈಕಾಲು ತಣ್ಣಗಾಯಿತು. ಬರಲ್ಲ ಅಂದರೆ ಏನು? ಮೇಜರ್ ಅಂತ ಹೇಳಿದ್ದು ಮಾರ್ಕ್ಸ್ ಕಾರ್ಡಿನಲ್ಲಿ ಬರದಿದ್ದರೆ ಅದು ಎಂಥ ಮೇಜರ್?

ಬೆಳಗಾವಿಯವನಿಗೆ ಫೋನ್ ಮಾಡಿದೆ. "ಅಕ್ಕಾರ, ಅದು ಬರೇ ಫಾರ್ಮ್ಯಾಟ್ ರೀ." ಫಾರ್ಮ್ಯಾಟ್! ಮರುದಿನ ರಜೆ ಹಾಕಿ ನಾನೇ ಹೋದೆ. ಅವನು ಸಿಗಲಿಲ್ಲ, ಕೋ-ಆರ್ಡಿನೇಟರ್ ಕೂತಿದ್ದರು. ಅವರ ಉತ್ತರಗಳನ್ನು ಮನೆಗೆ ಬಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಹಾಗೇ ಹೇಳುತ್ತೇನೆ.

"ಮೇಡಂ, ಕೋರ್ಸ್ ಫಿಲ್ಮ್, ಡಿಗ್ರಿ ಬಿ.ಎ. ಎರಡೂ ಬೇರೆ ಬೇರೆ."

"ಬೇರೆ ಕಡೆ ಒಂದೇ ಸರ್ಟಿಫಿಕೇಟ್. ನಮ್ಮಲ್ಲಿ ಎರಡು ಸಿಗುತ್ತೆ."

"ಇಂಡಸ್ಟ್ರಿಯಲ್ಲಿ ಡಿಗ್ರಿ ಯಾರು ಕೇಳ್ತಾರೆ?"

ಹಾಗಾದರೆ ಡಿಗ್ರಿ ಅಂತ ಯಾಕೆ ಮಾರಿದಿರಿ ಅಂತ ಕೇಳಿದೆ. ಅವರು ಬ್ರೋಷರ್ ತೆಗೆದರು, ಹಿಂದಿನ ಮಡಿಕೆ ಬಿಚ್ಚಿದರು, ಪೆನ್ನಿನ ಮುಚ್ಚಳ ಒಂದು ಸಾಲಿನ ಮೇಲೆ ಇಟ್ಟರು. ಬೂದು ಬಣ್ಣದ ಸಣ್ಣ ಅಕ್ಷರ. ಪಠ್ಯಕ್ರಮ ಸೂಚಕ ಮಾತ್ರ, ಪದವಿಯನ್ನು ಸಹಭಾಗಿ ವಿಶ್ವವಿದ್ಯಾಲಯ ತನ್ನ ನಿಯಮದಂತೆ ನೀಡುತ್ತದೆ ಅಂತ. "ನೀವು ಐಟಿಯವರು, ಓದಿರ್ತೀರಿ ಅಂದುಕೊಂಡಿದ್ವಿ" ಅಂದರು. ನಗುತ್ತಾ ಅಂದರು. ನನಗೆ ಎದ್ದು ಬರೋಕೂ ಆಗಲಿಲ್ಲ, ಮಾತಾಡೋಕೂ ಆಗಲಿಲ್ಲ. ಬೇರೆಯವರ ಕರಾರಿನಲ್ಲಿ ಇಂಥ ಸಾಲು ಹುಡುಕೋದಕ್ಕೆ ನನಗೆ ಸಂಬಳ ಕೊಡ್ತಾರೆ. ನನ್ನ ಮನೆಯ ದುಡ್ಡಿನಲ್ಲಿ ನಾನು ಅದನ್ನು ಓದಲಿಲ್ಲ.

ಕೊನೆಗೆ ಒಂದು ಮಾತು ಹೇಳಿದರು, ಅದು ಇನ್ನೂ ಉರಿಯುತ್ತೆ. "ಎಫ್‌ಟಿಐಐಗೆ ಯಾವ ಡಿಗ್ರಿ ಆದರೂ ನಡೆಯುತ್ತೆ. ನಿಮ್ಮ ತಮ್ಮ ಈ ಬಿ.ಎ. ಮೇಲೇ ಪರೀಕ್ಷೆ ಬರೀಬಹುದು. ನಿಮಗೆ ನಷ್ಟ ಏನಾಯ್ತು?"

ನಷ್ಟ ಏನಾಯಿತು ಅಂತ ನನ್ನನ್ನೇ ಕೇಳಿದರು! ಬರೀ ಬಿ.ಎ. ಬೇಕಿದ್ದರೆ ಸರ್ಕಾರದ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲಿ ವರ್ಷಕ್ಕೆ ಕೆಲವೇ ಸಾವಿರದಲ್ಲಿ ಆಗುತ್ತಿತ್ತು. ನಾವು ಎರಡು ವರ್ಷಕ್ಕೆ ಕಟ್ಟಿದ್ದು 4,95,000. ಅದು ಸಿನಿಮಾ ಕಲಿಯೋಕೆ ಕಟ್ಟಿದ ದುಡ್ಡು. ಸರಿ, ಸಿನಿಮಾನಾದರೂ ಕಲಿಸಿದ್ರಾ? 32 ಹುಡುಗರಿಗೆ ಎರಡು ಕ್ಯಾಮೆರಾ, ಒಂದರ ಬ್ಯಾಟರಿ ನಿಲ್ಲುತ್ತಿರಲಿಲ್ಲ. ಪ್ರಾಕ್ಟಿಕಲ್‌ನಲ್ಲಿ ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರ್‌ಗೆ 30 ಗಂಟೆ ಕೆಲಸ. ಬ್ರೋಷರ್‌ನಲ್ಲಿ ಕ್ಯಾಮೆರಾ ವಿಷಯಕ್ಕೆ 4 ಕ್ರೆಡಿಟ್ ಬರೆದಿದ್ದರು, ಅಂದರೆ 120 ಗಂಟೆ. ತಮ್ಮನ ಹತ್ತಿರ ಕೂತು ಲೆಕ್ಕ ಹಾಕಿದೆ. ಆ ಸೆಮಿಸ್ಟರ್ ಪೂರ್ತಿ ಅವನ ಕೈಗೆ ಕ್ಯಾಮೆರಾ ಬಂದಿದ್ದು ನಾಲ್ಕು ದಿನ, ಹತ್ತು ಗಂಟೆಯೂ ಇಲ್ಲ. ಎಡಿಟಿಂಗ್ ಅವನು ಕಲಿತಿದ್ದು ಮನೆಯಲ್ಲಿ, ಯೂಟ್ಯೂಬ್ ನೋಡಿ, ನಾನು ಕೊಡಿಸಿದ ಲ್ಯಾಪ್‌ಟಾಪಿನಲ್ಲಿ. ಇದರ ಮೇಲೆ ಮೂರನೇ ವರ್ಷದ 15 ನಿಮಿಷದ ಸಿನಿಮಾಕ್ಕೆ ಸಲಕರಣೆ ಬಾಡಿಗೆ 45,000 ಬೇರೆ ಕೊಡಬೇಕಂತೆ. ಅದು ಬ್ರೋಷರ್‌ನ ಸಣ್ಣ ಅಕ್ಷರದಲ್ಲೂ ಇರಲಿಲ್ಲ. ಆ ವಿಷಯದಲ್ಲಿ ನನ್ನ ತಪ್ಪಿಲ್ಲ.

ಆ ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿದೆ. ಮೂರು ದಿನ ಹಿಡಿಯಿತು. ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಹುಡುಕಿ ಹೇಳಿದರು: "ಪುಣೆಯಲ್ಲಿ ನಮ್ಮ ಸೆಂಟರ್ ಇಲ್ಲ. ನಿಮ್ಮ ತಮ್ಮ ನಮ್ಮಲ್ಲಿ ನೇರವಾಗಿ ಸೇರಿದ ವಿದ್ಯಾರ್ಥಿ ಅಂತಿದೆ." ಸಹಭಾಗಿ ಅನ್ನೋದೇ ಸುಳ್ಳು. ದೂರ ಶಿಕ್ಷಣವನ್ನು ಹೀಗೆ ಫ್ರಾಂಚೈಸಿಗೆ ಕೊಡೋಕೆ ಯುಜಿಸಿ ಬಿಡೋದಿಲ್ಲ, ಖಾಸಗಿ ವಿಶ್ವವಿದ್ಯಾಲಯಗಳು ಬೇರೆ ಕಾಲೇಜುಗಳನ್ನು ತಮ್ಮ ಕೆಳಗೆ ಸೇರಿಸಿಕೊಳ್ಳುವಂತೆಯೂ ಇಲ್ಲ. 1956ರ ಯುಜಿಸಿ ಕಾಯ್ದೆ ಪ್ರಕಾರ ಡಿಗ್ರಿ ಕೊಡೋ ಹಕ್ಕಿರೋದು ಕಾನೂನಿನಂತೆ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮತ್ತು ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. ಇವರ ಫಿಲ್ಮ್ ಸರ್ಟಿಫಿಕೇಟ್ ಇವರದ್ದೇ ಪ್ರಿಂಟರ್‌ನಿಂದ ಬರೋ ಕಾಗದ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: ಮೂರನೇ ವರ್ಷ ಮುಂದುವರಿಸಿದರೆ ಫೀಸಿನಲ್ಲಿ 40,000 ಕಡಿಮೆ ಮಾಡುತ್ತೇವೆ. ಮೋಸ ಮಾಡಿದ್ದಕ್ಕೆ ಡಿಸ್ಕೌಂಟ್ ಅಲ್ವಾ ಇದು? ಬೆಳಗಾವಿಯವನಿಂದ ಕೊನೇ ಮೆಸೇಜ್ ಬಂತು: "ಅಕ್ಕಾರ, ನಾನೂ ನೌಕರಿ ಮಾಡಾಂವ ರೀ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ." ಮರುದಿನದಿಂದ ಅವನ ಡಿಪಿ ಕಾಣಿಸುತ್ತಿಲ್ಲ. ಬ್ಲಾಕ್ ಮಾಡಿದ್ದಾನೆ.

ಅಪ್ಪನಿಗೆ ಹೇಳಿದ ದಿನ ಅವರು ಬೈಯಲಿಲ್ಲ. "ಹೋಗ್ಲಿ ಬಿಡವಾ" ಅಂದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಕ್ಕಳನ್ನು ಇಂಥ ಕೋರ್ಸಿಗೆ ಸೇರಿಸುವವರು ಬ್ರೋಷರ್ ನೋಡಬೇಡಿ. ಅಲ್ಲಿ ಪಾಸಾಗಿ ಹೋದ ಒಬ್ಬರ ಮಾರ್ಕ್ಸ್ ಕಾರ್ಡ್ ತೋರಿಸಿ ಅಂತ ಕೇಳಿ. ಡಿಗ್ರಿ ಯಾವ ವಿಶ್ವವಿದ್ಯಾಲಯದ್ದು, ಮೇಜರ್ ವಿಷಯದ ಹೆಸರು ಅದರ ಮೇಲೆ ಅಚ್ಚಾಗಿದೆಯಾ, ಅಷ್ಟು ನೋಡಿದರೆ ಸಾಕು. ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ವಿಶ್ವವಿದ್ಯಾಲಯಕ್ಕೆ ನೀವೇ ಫೋನ್ ಮಾಡಿ, ಸಂಸ್ಥೆಯವರು ಕೊಟ್ಟ ನಂಬರಿಗೆ ಅಲ್ಲ, ಯುಜಿಸಿ ಪಟ್ಟಿಯಿಂದ ಹುಡುಕಿದ ನಂಬರಿಗೆ. ಸೇರಿದ ಮೇಲೆ ಮೊದಲ ಸೆಮಿಸ್ಟರ್ ಆದ ಕೂಡಲೇ ಡಿಜಿಲಾಕರ್‌ನಲ್ಲಿ ಕ್ರೆಡಿಟ್ ಬ್ಯಾಂಕ್ ಖಾತೆ ತೆಗೆದು ಯಾವ ವಿಷಯದ ಕ್ರೆಡಿಟ್ ಬಿದ್ದಿದೆ ಅಂತ ನೋಡಿ. ಮತ್ತೆ, ಕನ್ನಡ ಮಾತಾಡಿದ ಅಂತ ನಂಬಬೇಡಿ. ಇದನ್ನು ಬರೆಯೋಕೆ ನನಗೆ ಸಂಕಟ ಆಗುತ್ತೆ. ಪರ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಎಷ್ಟು ಹಿತ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ನಂಬರ್ ತಗೊಂಡಿದ್ದೇನೆ. ವಕೀಲರ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಿದೆ. ಸ್ವೀಕೃತಿ ಕಾರ್ಡ್ ಸಹಿಯಾಗಿ ವಾಪಸ್ ಬಂದಿದೆ, ಉತ್ತರ ಬಂದಿಲ್ಲ. ತಮ್ಮ ಆ ಬಿ.ಎ. ಮುಗಿಸುತ್ತೇನೆ ಅಂತಿದ್ದಾನೆ. ಸಮಾಜಶಾಸ್ತ್ರದ ಪುಸ್ತಕ ತಂದುಕೊಂಡು, ಈ ಸಲ ಅಸೈನ್‌ಮೆಂಟ್ ಅವನೇ ಬರೆಯುತ್ತಿದ್ದಾನೆ.

ಅವನ ಬ್ಯಾಚಿನಲ್ಲಿ ಇನ್ನೂ ಮೂವರು ಕನ್ನಡದ ಹುಡುಗರಿದ್ದರು, ಒಬ್ಬ ಸೋಲಾಪುರದ ಕಡೆಯವನು. ಅವರ ಮನೆಯವರು ಯಾರಾದರೂ ಇದನ್ನು ಓದಿದರೆ ಮಗನ ಹಾಲ್ ಟಿಕೆಟ್ ತೆಗೆದು ನೋಡಿ, ಆಮೇಲೆ ನನಗೆ ಮೆಸೇಜ್ ಮಾಡಿ. ಫೀಸ್ ಕಟ್ಟಿದ ರಸೀದಿ ಎಸೆಯಬೇಡಿ. ನಾಲ್ಕು ಮನೆಯವರು ಸೇರಿ ದೂರು ಕೊಟ್ಟರೆ ಅವರು ಉತ್ತರ ಕೊಡಲೇಬೇಕಾಗುತ್ತೆ.