ಅಲರ್ ನಿಘಂಟಿನಲ್ಲಿ ದುಗುಡ, ಕೊರಗು, ಬೇಗುದಿ

ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅಲರ್. 2019ರಿಂದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತಿದೆ. ಒಂದೂವರೆ ಲಕ್ಷ ಪದಗಳು, ಜೊತೆಗೆ ಮುಕ್ತ ಪರವಾನಗಿ. ಅನುವಾದ ಮಾಡುವವರಿಗೆ ಇಷ್ಟು ಕೈಗೆಟಕುವ ಕನ್ನಡ ಸಲಕರಣೆ ಅಪರೂಪ. ಅದನ್ನು ಒರೆಗೆ ಹಚ್ಚಲು ದುಃಖದ ಪದಗಳೇ ಸರಿ.

ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಬರೆದರೂ ಪದ ಸಿಗುತ್ತದೆ. ವಿಭಕ್ತಿ ಕಳಚಿ ಹುಡುಕುವುದು ಒಳ್ಳೆಯದು: ‘ಕೊರಗಿನಲ್ಲಿ’ ಬೇಡ, ‘ಕೊರಗು’ ಸಾಕು. ಎಡವಿಸುವುದು ‘ಅಳಲು’. ‘ಮಗು ಅಳಲು ಶುರುಮಾಡಿತು’ ಎಂಬಲ್ಲಿ ಅದು ‘ಅಳು’ ಧಾತುವಿನ ರೂಪ. ‘ರೈತರ ಅಳಲು’ ಎಂದಾಗ ನಾಮಪದ. ಅಲ್ಲಿ ಕಣ್ಣೀರು ಇರಲೇಬೇಕೆಂದಿಲ್ಲ, ಯಾರಾದರೂ ಕೇಳಲಿ ಎಂಬ ಸಂಕಟ ಇರುತ್ತದೆ.

ಇಂಗ್ಲಿಷ್ ಅರ್ಥ ಒಂದನ್ನೇ ನೆಚ್ಚಿದರೆ ಛಾಯೆ ಕೈತಪ್ಪುತ್ತದೆ. ‘ಸಾರೋ’, ‘ಗ್ರೀಫ್’ ಎಂಬ ಎರಡೇ ಪದಗಳಡಿ ಕನ್ನಡದ ಹತ್ತು ಪದಗಳನ್ನು ತುರುಕಬಹುದು. ಆದರೆ ಕೊರಗಿಗೆ ಕಾಲ ಬೇಕು, ಅದು ಮೈಯನ್ನು ಸವೆಸುತ್ತದೆ. ‘ಐದು ನಿಮಿಷ ಕೊರಗಿದ’ ಎಂದು ಯಾರೂ ಹೇಳುವುದಿಲ್ಲ. ದುಗುಡ ಮುಖದ ಮೇಲೆ ಕವಿಯುವ ಭಾರ, ಅದರಲ್ಲಿ ಆತಂಕದ ಎಳೆಯೂ ಉಂಟು. ಬೇಗುದಿಯಲ್ಲಿ ಬೇಯುವುದೂ ಕುದಿಯುವುದೂ ಎರಡೂ ಇವೆ, ಎಲ್ಲವೂ ಒಳಗೊಳಗೇ. ಹಳಹಳಿ ಕೈಬಿಟ್ಟುಹೋದದ್ದಕ್ಕೆ. ಮರುಕ ಸಾಮಾನ್ಯವಾಗಿ ಇನ್ನೊಬ್ಬರ ನೋವಿಗೆ. ಶೋಕ ಸಾವಿನ ಮನೆಯದು. ‘ವಿಷಾದ’ ಪತ್ರಿಕೆಯ ತಪ್ಪೊಪ್ಪಿಗೆಯಲ್ಲಿ ಬಂದರೆ ಬರೀ ಔಪಚಾರಿಕ, ಕವಿತೆಯಲ್ಲಿ ಬಂದರೆ ಆಳವಾದ ಮಂಕು. ‘ಖಿನ್ನತೆ’ ಇಂದು ಮನೋವೈದ್ಯರ ಪದವಾಗಿದೆ, ಒಂದು ಸಂಜೆಯ ಬೇಸರಕ್ಕೆ ಅದನ್ನು ಬಳಸಬಾರದು.

ಹಾಗಾಗಿ ಅಲರ್‌ನಲ್ಲಿ ಅರ್ಥ ನೋಡಿದ ಮೇಲೆ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟನ್ನೂ ತೆರೆಯಿರಿ. 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಬಂದ ಅದು ಹಳೆಯ ಕಾವ್ಯಗಳ ಸಾಲುಗಳನ್ನು ಉದಾಹರಣೆಯಾಗಿ ಕೊಡುತ್ತದೆ. ಪದ ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಬಂತೆಂದು ಅಲ್ಲಿ ಗೊತ್ತಾಗುತ್ತದೆ. ಅದು ದಪ್ಪ, ನಿಧಾನ. ಬೇಗ ನೋಡಲು ಅಲರ್ ಮೇಲು.

ಆಡುಮಾತಿಗೆ ಎರಡೂ ಸಾಲವು. ‘ಬೇಜಾರು’ ಪದವನ್ನೇ ನೋಡಿ. ಕೆಲಸವಿಲ್ಲದೆ ಕೂತರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ‘ಬೇಜಾರು ಮಾಡ್ಕೋಬೇಡಿ’ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂಬ ಬೇಡಿಕೆ. ಅಲ್ಲಿ ‘ಬೋರ್’ ಎಂಬ ಅರ್ಥ ಹಾಕಿದ ಅನುವಾದ ಕೆಟ್ಟಂತೆಯೇ.